ತಣ್ಣನೆಯ ಒಲೆ

ಸಾಹೇಬರು ಒಲೆಯೊಳಗೆ ಕೈ ಹಾಕಿದರು. ಬೂದಿ ತಣ್ಣಗಿತ್ತು. ಅದು ಈ ಒಲೆಯ ಬೂದಿಯೇ ಅಲ್ಲ, ಎಲ್ಲಿಂದಲೋ ತಂದು ಸುರಿದದ್ದು. ಇಟ್ಟಿಗೆಗೆ ಒಂದು ಚೂರು ಮಸಿ ಹತ್ತಿರಲಿಲ್ಲ.

“ಥೂ,” ಎಂದು ಕೈ ಕೊಡವಿಕೊಂಡರು.

ಭೂಸ್ವಾಧೀನ ಕಚೇರಿಯಲ್ಲಿ ಅವರ ಕೆಲಸ ಒಂದೇ. ದಾಖಲೆಯಲ್ಲಿ ಖಾಲಿ ಇರುವ ಜಾಗ ನಿಜಕ್ಕೂ ಖಾಲಿಯೇ ಎಂದು ನೋಡಿ ಬರೆಯುವುದು. ಖಾಲಿಯಿದ್ದರೆ ಸರ್ಕಾರ ಪರಿಹಾರ ಕೊಟ್ಟು ತೆಗೆದುಕೊಂಡು ಶಾಲೆ ಕಟ್ಟುತ್ತದೆ. ಜನ ವಾಸವಿದ್ದರೆ ಮುಟ್ಟುವಂತಿಲ್ಲ. ಆದರೆ ಕಾನೂನು ಚಾಪೆ ಕೆಳಗೆ ತೂರಿದರೆ ಜಾಗದ ಒಡೆಯರು ರಂಗೋಲಿ ಕೆಳಗೆ ತೂರುವ ಪೈಕಿ. ನೋಟಿಸು ಬಂದ ವಾರದೊಳಗೆ ತಗಡಿನ ಶೆಡ್ಡು ಏಳುತ್ತದೆ, ಕೂಲಿಗೆ ಕರೆತಂದ ಒಂದು ಸಂಸಾರ ಒಳಗೆ ಕೂರುತ್ತದೆ. ಈ ಬಡಾವಣೆಯಲ್ಲಿ ಹಾಗೇ ಮೂರು ಜಾಗ ಕೈತಪ್ಪಿದ್ದವು. ಉಳಿದದ್ದು ಇದೊಂದು. ಇದೂ ಹೋದರೆ ಇಲ್ಲಿ ಶಾಲೆಯ ಮಾತು ಮುಗಿದಂತೆ.

ಸಾಹೇಬರಿಗೆ ಅದು ಬರೀ ಕಡತದ ವಿಷಯವಲ್ಲ. ಚಿಕ್ಕಂದಿನಲ್ಲಿ ಶಾಲೆಗೆಂದು ದಿನಾ ಎರಡು ಗಂಟೆ ನಡೆದವರು. ಶಾಲೆಗೆ ಅಡ್ಡಗಾಲು ಹಾಕುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಲಂಚ ಮುಟ್ಟಿದ ಕೈಯಲ್ಲ ಅದು. ಹಿಂದೆ ಪರವಾನಗಿ ವಿಭಾಗದಲ್ಲಿದ್ದಾಗ ಅನುಮತಿಯಿಲ್ಲದ ಕ್ಲಿನಿಕ್ಕು, ಲಾಡ್ಜು, ಶಾಲೆ, ಗ್ಯಾರೇಜು ಯಾವುದನ್ನೂ ಬಿಡದೆ ಬೀಗ ಜಡಿದದ್ದೂ ಅದೇ ಕೈ.

ಶೆಡ್ಡಿನ ಹೆಂಗಸು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

“ಎಷ್ಟು ದಿನದಿಂದ ಇದೀರಮ್ಮ ಇಲ್ಲಿ?”

“ಆರು ವರ್ಷ ಆಯ್ತು ಸಾರ್.”

“ಎಲ್ಲರೂ ಹಾಗೇ ಹೇಳೋದು.”

ಮೂಲೆಯಲ್ಲಿದ್ದ ಹಾಸಿಗೆಯ ಪ್ಲಾಸ್ಟಿಕ್ ಕವರನ್ನು ಕೂಡ ತೆಗೆದಿರಲಿಲ್ಲ. ಜೊತೆಗೆ ಬಂದಿದ್ದ ಜವಾನ ಬಾಣಲೆ ಎತ್ತಿ ತಿರುಗಿಸಿದ. “ಅಂಗಡಿ ಚೀಟಿ ಇನ್ನೂ ಅಂಟ್ಕೊಂಡೇ ಇದೆ ಸಾರ್. ಆರು ವರ್ಷ ಗಾಳಿ ಹುರ್ಕೊಂಡು ತಿಂದಿರಬೇಕು.”

ಸಾಹೇಬರು ನಗಲಿಲ್ಲ. ಹೆಂಗಸಿನ ಬಲಗೈ ಬೆರಳುಗಳಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು.

“ಹಿಟ್ಟು ಕಲಸ್ತಿದ್ರಾ?”

“ಹೂಂ ಸಾರ್.”

ಸುತ್ತ ನೋಡಿದರು. ಹಿಟ್ಟಿನ ಡಬ್ಬಿಯೇ ಇರಲಿಲ್ಲ. ಅಡುಗೆ ಮಾಡುತ್ತಿದ್ದವಳಂತೆ ಕಾಣಲೆಂದು ಕೈಗೆ ಹಿಟ್ಟು ಬಳಿದುಕೊಂಡು ನಿಂತಿದ್ದಾಳೆ! ಮೂರು ಕಡೆ ತಗಡು, ಅವಳ ಬೆನ್ನ ಹಿಂದೆ ಮಾತ್ರ ಇಟ್ಟಿಗೆ ಗೋಡೆ. ಅದಕ್ಕೆ ಕರಿ ಬಳಿದಿದ್ದರು. ಇನ್ನೂ ಒದ್ದೆಯಿತ್ತು.

“ಗೋಡೆ ಯಾಕಮ್ಮ ಒದ್ದೆ?”

“ಒರೆಸ್ತಿದ್ದೆ ಸಾರ್. ಹೊಗೆ ಹಿಡಿದಿತ್ತು.”

ಮಸಿ ಕಾಣದ ಒಲೆಗೆ ಹೊಗೆ ಹಿಡಿದ ಗೋಡೆ. ಇಂಥ ಬುದ್ಧಿಯನ್ನು ಒಳ್ಳೆಯದಕ್ಕೆ ಬಳಸಿದ್ದರೆ ಎಲ್ಲಿಗೋ ಹೋಗಬಹುದಿತ್ತು ಈ ಜನ.

ತಗಡಿನ ಪಕ್ಕ ಒಂಬತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಹೆಚ್ಚುಕಮ್ಮಿ ಒಂದೇ ಎತ್ತರ.

“ಎಲ್ಲಾ ನಿಮ್ಮ ಮಕ್ಕಳಾ?”

“ನನ್ನ ಮಕ್ಕಳೇ ಸಾರ್.”

“ಒಂಬತ್ತನ್ನೂ ಒಂದೇ ಸಲ ಹೆತ್ರಾ?” ಎಂದವರು ಎರಡು ಜಡೆಯ ಹುಡುಗಿಯತ್ತ ಬಾಗಿದರು. “ಇವರು ನಿನಗೇನಾಗಬೇಕು ಪುಟ್ಟಾ?”

“ಅಕ್ಕ.”

ಪಕ್ಕದವಳು ಮೊಣಕೈಯಿಂದ ತಿವಿದಳು. “ಅಮ್ಮ!” ಎಂದರು ಒಂಬತ್ತೂ ಜನ, ಒಂದೇ ಉಸಿರಿಗೆ.

ಒಡೆಯ ಸುಳ್ಳು ಹೇಳಲಿ, ಹೆಂಗಸು ಹೊಟ್ಟೆಪಾಡಿಗೆ ಹೇಳಲಿ. ಅಕ್ಷರ ಕಲಿಯಬೇಕಾದ ಬಾಯಿಗೆ ಸುಳ್ಳು ಕಲಿಸಿ ನಿಲ್ಲಿಸಿದ್ದಾರಲ್ಲ! ಸಾಹೇಬರು ಹೊರಗೆ ಬಂದು ಉಗುಳಿದರು.

ಬಾಗಿಲ ಬಳಿ ಪುಟ್ಟ ಚಪ್ಪಲಿಗಳು ನೇರ ಸಾಲಿನಲ್ಲಿದ್ದವು. ಜವಾನ ಎಣಿಸಿದ. “ಮೂವತ್ತೆಂಟು ಜೊತೆ ಸಾರ್. ಗುಜರಿಯಿಂದ ಮೂಟೆ ತಂದು ಜೋಡಿಸಿದ್ದಾರೆ.”

“ಒಂಬತ್ತು ಮಕ್ಕಳಿಗೆ ಮೂವತ್ತೆಂಟು ಜೊತೆ! ಸುಳ್ಳು ಹೇಳೋಕೂ ಲೆಕ್ಕ ಬರಬೇಕು ಕಣಯ್ಯ.”

ಶೆಡ್ಡಿನ ಹಿಂದೆ ಪೊದೆ ಅಲುಗಿತು. ನಾಯಿಯಿರಬೇಕು. ಸಾಹೇಬರು ಮತ್ತೆ ಒಳಗೆ ಹೋದರು.

“ನೋಡಮ್ಮ, ಈಗಲಾದ್ರೂ ನಿಜ ಹೇಳು. ಇಲ್ಲಿ ಯಾರೂ ವಾಸ ಇಲ್ಲ ತಾನೇ? ಒಪ್ಕೊಂಡ್ರೆ ಕೇಸು ಹಾಕಲ್ಲ.”

ಹೆಂಗಸು ಅವರ ಮುಖವನ್ನೇ ನೋಡಿದಳು. “ನಿಮ್ಮನ್ನ ಮೊದಲೇ ನೋಡಿದೀನಿ ಸಾರ್. ಆವಾಗ ನಿಜಾನೇ ಹೇಳಿದ್ದೆ. ಬಾಗಿಲಿಗೆ ಬೀಗ ಬಿತ್ತು.”

ಸಾಹೇಬರಿಗೆ ಅವಳ ಗುರುತು ಹತ್ತಲಿಲ್ಲ. ಜಡಿದ ಬೀಗಗಳು ಒಂದೇ ಎರಡೇ? ಅವರು ಫಾರಂ ತೆಗೆದು ‘ಖಾಲಿ ಜಾಗ’ ಎಂದು ಬರೆದರು, ಅಡಿಗೆರೆ ಎಳೆದರು, ಸಹಿ ಹಾಕಿದರು.

“ನಾಳೆ ಬೆಳಿಗ್ಗೆ ಕೆಡವ್ತೀವಿ. ಇಲ್ಲಿ ಶಾಲೆ ಬರುತ್ತೆ ಅಂತ ನಿಮ್ಮ ಒಡೆಯನಿಗೆ ಹೇಳು.”

“ಯಾವಾಗ ಬರುತ್ತೆ ಸಾರ್?”

“ಮೂರೋ ನಾಲ್ಕೋ ವರ್ಷ ಆಗಬಹುದು. ನಿನಗ್ಯಾಕೆ ಅದು?”

“ಸುಮ್ನೆ ಕೇಳ್ದೆ,” ಎಂದಳು.

ಮರುದಿನ ಬೆಳಿಗ್ಗೆ ಯಂತ್ರ ಬಂದಾಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಚಪ್ಪಲಿಗಳಿರಲಿಲ್ಲ. ಹೊಸ ಹಾಸಿಗೆ, ಹೊಸ ಬಾಣಲೆ ಮಾತ್ರ ಇದ್ದಲ್ಲೇ ಇದ್ದವು.

“ನಾಟಕ ಮುಗೀತು, ಬಣ್ಣ ಕಳಚಿದ್ರು,” ಎಂದರು ಸಾಹೇಬರು. ಬಹಳ ದಿನಗಳ ಮೇಲೆ ಅವರಿಗೆ ಗೆದ್ದ ಹಾಗೆನಿಸಿತ್ತು.

ಮೂರು ಕಡೆಯ ತಗಡು ಒಂದೊಂದಾಗಿ ಬಿತ್ತು. ಇಟ್ಟಿಗೆ ಗೋಡೆಯ ಮುಂದೆ ಬಂದದ್ದೇ ಚಾಲಕ ಯಂತ್ರ ನಿಲ್ಲಿಸಿಬಿಟ್ಟ. ಕೆಳಗಿಳಿದು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ.

“ಏನಯ್ಯ, ಯಾಕೆ ನಿಲ್ಲಿಸ್ದೆ?”

“ನೀವೇ ಬಂದು ಓದಿ ಸಾರ್.”

ಬಿಸಿಲಿಗೆ ಬಿದ್ದ ಕರಿಗೋಡೆಯ ಮೇಲೆ, ಸೀಮೆಸುಣ್ಣದ ದುಂಡಗಿನ ಅಕ್ಷರದಲ್ಲಿ, ನಿನ್ನೆಯ ತಾರೀಕಿನ ಕೆಳಗೆ ಬರೆದಿತ್ತು: ‘ಹಾಜರಿ ಮೂವತ್ತೆಂಟು. ನಾಳೆಯಿಂದ ಶಾಲೆಗೆ ರಜೆ.’