ರಾಣಿಯ ಹಲ್ಲು

ರಾಜನ ವೇಷ ಕಟ್ಟಿದ್ದ ವೆಂಕಟರಾಯಪ್ಪ ರಂಗದ ಮೇಲೆ ಮಾತು ಮರೆತು ರಾಣಿಯತ್ತ ನೋಡಿದ. ಹಾರ್ಮೋನಿಯಂ ಮೇಷ್ಟ್ರು ಅದೇ ಸ್ವರವನ್ನು ಮತ್ತೆ ನುಡಿಸಿದರು. ಕೈವಾರದ ಸುತ್ತಲಿನ ಹಳ್ಳಿ ನಾಟಕಗಳಲ್ಲಿ, ವೇಷ ಕಟ್ಟಿದ ಊರ ಯಜಮಾನರು ತಡವರಿಸಿದರೆ ಊರಾಚೆಯಿಂದ ಕರೆಸಿದ ನಟಿಯೇ ಸೆರಗಿನ ಮರೆಯಲ್ಲಿ ಮಾತು ಹೇಳಿಕೊಡುವುದು ವಾಡಿಕೆ.

ರಾಣಿಯ ವೇಷದಲ್ಲಿದ್ದ ಶ್ಯಾಮಲಾ ಮಾತು ಹೇಳಿಕೊಡಲಿಲ್ಲ. ಅವಳ ನಾಲಿಗೆ ಮುರಿದ ಮುಂದಿನ ಹಲ್ಲಿನ ಜಾಗವನ್ನು ಸವರುತ್ತಿತ್ತು. ಬಣ್ಣದ ಕೋಣೆಯಲ್ಲಿ ಮೈ ಮುಟ್ಟಲು ಬಂದ ತನ್ನ ಕೈಯನ್ನು ತಳ್ಳಿದಳೆಂಬ ಸಿಟ್ಟಿಗೆ, ಹೋದ ವರ್ಷ ಇದೇ ದೃಶ್ಯದಲ್ಲಿ ಅವನು ಅವಳ ಕೆನ್ನೆಗೆ ನಿಜವಾಗಿಯೇ ಬಾರಿಸಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಹಲ್ಲಿನ ಜೊತೆಗೆ, ಸಿಕ್ಕಿದ್ದ ಸೀರಿಯಲ್ ಪಾತ್ರವೂ ಹೋಗಿತ್ತು.

"ಹೇಳ್ಕೊಡಮ್ಮ," ಎಂದು ಅವನು ಪಿಸುಗುಟ್ಟಿದ. ಮುಂದಿನ ಸಾಲಿನಲ್ಲಿ ಅವನ ಬೀಗರೆಲ್ಲ ಕೂತಿದ್ದರು.

ಶ್ಯಾಮಲಾ ತೂಗುವ ಮೈಕಿನ ಕೆಳಗೆ ಬಂದು ನಿಂತಳು. "ಮಾತು ಮರ್ತೋಯ್ತಾ ವೆಂಕಟರಾಯಪ್ಪನೋರೇ? ಹೋದ್ ವರ್ಷ ನನ್ ಹಲ್ಲು ಮುರಿಯೋವಾಗ ಯಾರೂ ಹೇಳ್ಕೊಡಬೇಕಾಗ್ಲಿಲ್ಲವಲ್ಲ."