ಚಿಕ್ಕವಳ ಬೀಗ

“ಈ ಕೆಂಪು ಗೆರೆ ಹೋಗೋವರೆಗೂ ಅವಳ ಒಂದು ಪತ್ರಾನೂ ನಾನು ನಂಬಲ್ಲ!” ಯಜಮಾನಿ ಮೇಜು ಗುದ್ದಿದರು.

ಕಂಪ್ಯೂಟರ್ ರಿಪೇರಿಯವನು ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ. ಅದು ಕೋರ್ಟಿನ ಕಾಗದಪತ್ರ ಅನುವಾದಿಸುವ ಕಚೇರಿ. ಇಮೇಲಿಗೆಲ್ಲ ಬೀಗ, ಡಿಜಿಟಲ್ ಸಹಿ. ಸಹಿ ತಾಳೆಯಾಗದಿದ್ದರೆ ಪತ್ರದ ನೆತ್ತಿಯ ಮೇಲೆ ಕೆಂಪು ಗೆರೆ. ಈಗ ಆ ಗೆರೆ, ದೂರದೂರಿನಿಂದಲೇ ಇಲ್ಲಿಗೆ ದುಡಿಯುವ ಚಿಕ್ಕ ಮಗಳ ಪತ್ರಗಳ ಮೇಲೆ.

“ಹೊಸ ಕಂಪ್ಯೂಟರ್ ತಗೊಂಡಿದಾಳಮ್ಮ, ಅದಕ್ಕೇ,” ಎಂದಳು ದೊಡ್ಡ ಮಗಳು. “ನೀನು ಬರೆದ ಉತ್ತರಾನೂ ಅವಳಿಗೆ ತೆರೆಯೋಕಾಗ್ತಿಲ್ವಂತೆ.”

“ಫೋನ್ ಮಾಡೋಕೆ ಏನು ರೋಗ ಅವಳಿಗೆ?”

ದೊಡ್ಡವಳು ಕಿಟಕಿಯ ಕಡೆ ತಿರುಗಿಕೊಂಡಳು.

ತೊಂದರೆ ಬೇಗ ಸಿಕ್ಕಿತು. ಕಚೇರಿಯವರೆಲ್ಲ ಹಂಚಿಕೊಂಡಿದ್ದ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಚಿಕ್ಕವಳ ಹಳೆಯ ಬೀಗವೇ ಇತ್ತು. ಅವಳ ಸಹಿ ತಾಳೆ ನೋಡುವುದೂ ಆ ಬೀಗದ ಜೊತೆಗೇ. ಅವಳಿಗೆ ಬರೆಯುವ ಪತ್ರಕ್ಕೆ ಆ ಬೀಗ ಯಾರು ಬೇಕಾದರೂ ಹಾಕಬಹುದು. ತೆರೆಯುವ, ಸಹಿ ಹಾಕುವ ಬೀಗದ ಕೈ ಮಾತ್ರ ಅವಳ ಕಂಪ್ಯೂಟರಿನಲ್ಲಿ. ಪಟ್ಟಿಗೆ ಹೊಸ ಬೀಗ ಸೇರಿಸಿದರೆ ಮುಗಿಯಿತು.

ಪಟ್ಟಿ ತಿದ್ದಲು, ಅದನ್ನಿಟ್ಟಿದ್ದ ದೊಡ್ಡವಳ ಕಂಪ್ಯೂಟರನ್ನು ಪಕ್ಕದ ಕೋಣೆಯಲ್ಲಿ ತೆರೆದವನು ಪರದೆಗೆ ಬಗ್ಗಿ ಮತ್ತೊಮ್ಮೆ ನೋಡಿದ. ಚಿಕ್ಕವಳ ಹೊಸ ಬೀಗದ ಕೈ ಅಲ್ಲೇ ಇತ್ತು. ಕೆಂಪು ಗೆರೆಯ ಪತ್ರಗಳೆಲ್ಲ ಹೊರಟಿದ್ದೂ ಅಲ್ಲಿಂದಲೇ.

“ಮೋಸ ಅಂದ್ಕೋಬೇಡಣ್ಣ,” ದೊಡ್ಡವಳು ಪಿಸುಗುಟ್ಟಿದಳು. “ತಂಗಿ ತೀರಿಕೊಂಡು ಎರಡು ತಿಂಗಳಾಯ್ತು. ಅಮ್ಮಂಗೆ ಆಗ ತಾನೆ ಹಾರ್ಟ್ ಆಪರೇಷನ್ ಆಗಿತ್ತು. ಹೇಗೆ ಹೇಳಲಿ? ಅವಳ ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿಲ್ಲದೆ, ಅವಳ ಹೆಸರಲ್ಲಿ ನಾನೇ ಹೊಸ ಬೀಗ ಮಾಡ್ಕೊಂಡೆ. ಅಮ್ಮ ಏನು ಬರೀತಾಳೋ ಓದೋಕಾಗದೆ, ಅಂದಾಜಿನ ಮೇಲೆ ಉತ್ತರ ಬರೀತಿದೀನಿ. ಯಾವತ್ತು ಸಿಕ್ಕಿಬೀಳ್ತೀನೋ!”

ಅವನು ಪಟ್ಟಿಗೆ ಹೊಸ ಬೀಗ ಸೇರಿಸಿದ. ಯಜಮಾನಿಯ ಪರದೆಯಲ್ಲಿ ಕೆಂಪು ಗೆರೆ ಮಾಯವಾಯಿತು.

“ಯಾರದಯ್ಯ ಈ ಸಹಿ?”

“ನಿಮ್ಮ ಮಗಳದೇ, ಅಮ್ಮಾವ್ರೇ.” ಸುಳ್ಳಂತೂ ಹೇಳಲಿಲ್ಲ.

ದೊಡ್ಡವಳು ಹೋದ ಜೀವ ಬಂದಂತೆ ಉಸಿರುಬಿಟ್ಟು, ಅವನಿಗೆ ಕಾಫಿ ತರಲು ಒಳಗೆ ಹೋದಳು.

ಯಜಮಾನಿ ಎದ್ದು ಅವಳು ಹೋದ ಬಾಗಿಲನ್ನು ಮುಂದಕ್ಕೆಳೆದರು. ಆಮೇಲೆ ದನಿ ತಗ್ಗಿಸಿದರು. “ಗೆರೆ ಕಂಡೂ ನಾನು ಕೂಗಾಡದೆ ಇದ್ದಿದ್ರೆ ದೊಡ್ಡವಳಿಗೆ ಅನುಮಾನ ಬರ್ತಿತ್ತು. ಇನ್ಮೇಲೆ ಅವಳು ಓದೋಕೆ ಹೊಸ ಬೀಗದಲ್ಲೇ ನಾಲ್ಕು ಸಾಲು ಬರೀತೀನಿ. ಹಳೇ ಬೀಗಾನೂ ಅಳಿಸದೆ ನನ್ನ ಹತ್ರ ಇಟ್ಟಿರು, ಮಗಾ.”

“ಅದು ಹಾಕಿದ್ರೆ ಪತ್ರ ಯಾರೂ ತೆರೆಯೋಕಾಗಲ್ಲವಲ್ಲ ಅಮ್ಮಾವ್ರೇ...”

“ಅದರ ಬೀಗದ ಕೈ ಚಿಕ್ಕವಳ ಜೊತೆಗೇ ಹೋಯ್ತಲ್ಲಪ್ಪ, ಅವಳಿಗೆ ಬರೆಯೋದನ್ನ ಇನ್ಯಾರೂ ಓದಬಾರದು.”