ಅಂಟು ಹಿಡಿಯುವ ಆಟ

“ಅಂಟು! ಮಿಸ್, ಅಂಟು ಸಿಕ್ತು!” ಮುಂದಿನ ಹಲ್ಲು ಉದುರಿದ್ದ ಹುಡುಗ ಬೆಂಚಿನ ಮೇಲೇ ಹತ್ತಿ ನಿಂತ. ಗೋಡೆಯ ಪರದೆಯ ಮೇಲೆ ಪುಟ್ಟಿಯ ಸಿನಿಮಾ ಇನ್ನೂ ಅರ್ಧವೂ ಓಡಿರಲಿಲ್ಲ.

ಮಿಸ್ ಕುರ್ಚಿಯಿಂದ ಏಳಲಿಲ್ಲ. ಬೆಳಗಿನಿಂದ ಇದೇ ಗಲಾಟೆ. ಎರಡನೇ ತರಗತಿಯ ಮಕ್ಕಳು ಮನೆಯವರ ಫೋನಿನಲ್ಲಿ ತೆಗೆದ ಪುಟ್ಟ ಪುಟ್ಟ ಸಿನಿಮಾಗಳು. ಅವನ್ನು ನೋಡಲು ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮಂದಿರು. ಎಲ್ಲೆಲ್ಲೋ ತೆಗೆದ ಎರಡು ತುಣುಕು ಅಂಟಿಸಿದರೆ ಜನ ಒಂದೇ ಎಂದು ನಂಬುತ್ತಾರೆ, ಆದ್ದರಿಂದ ಕಣ್ಣಿಗೆ ಕಂಡದ್ದನ್ನೆಲ್ಲ ನುಂಗಬೇಡಿ, ಅಂಟು ಎಲ್ಲಿದೆ ಹುಡುಕಿ ಎಂದು ವರ್ಷವಿಡೀ ಗಂಟಲು ಹರಿದುಕೊಂಡವಳು ಅವಳೇ. ಅಂಟು ಕಂಡವರು ಕೂಗಬೇಕು, ಸರಿಪಡಿಸುವ ದಾರಿಯನ್ನೂ ಹೇಳಬೇಕು. ಆಗಲೇ ಒಂದು ಹಾರುವ ಬೆಕ್ಕು, ಒಂದು ಜಗ್ ಹಾಲನ್ನು ಒಂದೇ ಗುಟುಕಿಗೆ ಕುಡಿದ ಒಬ್ಬ ತಮ್ಮ ಸಿಕ್ಕಿಬಿದ್ದಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಪುಟ್ಟಿಯದು ಹಾಗಿರಲಿಲ್ಲ. ಬಟ್ಟೆ ಮಡಚುತ್ತಿದ್ದ ಅಮ್ಮ ಎಡಕ್ಕೆ ತಿರುಗಿ ನಗುತ್ತಾಳೆ. ಶೂ ಉಜ್ಜುತ್ತಿದ್ದ ಅಪ್ಪ ಬಲಕ್ಕೆ ತಿರುಗಿ ನಗುತ್ತಾನೆ. ಮತ್ತೆ ಅಮ್ಮ. ಮತ್ತೆ ಅಪ್ಪ. ಗಂಡ ಹೆಂಡತಿ ಏನೋ ಹಳೇ ತಮಾಷೆ ನೆನೆಸಿಕೊಂಡ ಹಾಗಿತ್ತು. ಅವರಿಬ್ಬರದು ಬೇರೆ ಬೇರೆ ಮನೆಯಾಗಿ ವರ್ಷವಾಯಿತೆಂದು ಮಿಸ್‌ಗೆ ಗೊತ್ತಿತ್ತು. ಈಗಲೂ ಹಿಂದಿನ ಸಾಲಿನ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು ಕೂತಿದ್ದರು. ಈ ಸಿನಿಮಾವನ್ನು ಮುಂಚೆಯೇ ಒಮ್ಮೆ ನೋಡಿಡಬೇಕಿತ್ತು. ಪರೀಕ್ಷೆಯ ಪೇಪರುಗಳ ರಾಶಿಯ ಮಧ್ಯೆ ಅದಕ್ಕೆ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

“ಸಾಕು, ಇಳಿಯೋ ಕೆಳಗೆ. ಮುಂದಿನದು ಹಾಕೋಣ,” ಎಂದಳು.

“ಅದ್ಹೇಗೆ ಮಿಸ್? ಅಂಟು ಕಂಡ್ರೆ ಮಹಾರಾಜನದ್ದಾದ್ರೂ ಬಿಡಬೇಡಿ ಅಂದಿದ್ದು ನೀವೇ!”

ಅಂದದ್ದು ನಿಜ. ಮಕ್ಕಳಿಗೆ ಕಲಿಸಿದ್ದು ಬೇಡದ ಹೊತ್ತಿನಲ್ಲೇ ಚೆನ್ನಾಗಿ ನೆನಪಾಗುತ್ತದೆ. “ಹೇಳಪ್ಪಾ, ಹೇಳು,” ಎಂದು ಕೈಚೆಲ್ಲಿದಳು.

“ಅವಳಮ್ಮನ ಹಿಂದೆ ನೀಲಿ ಗೋಡೆ. ಅಪ್ಪನ ಹಿಂದೆ ಹಳದಿ. ಅಮ್ಮಂಗೆ ಬಿಸಿಲು ಬಿದ್ದಿದೆ, ಅಪ್ಪಂಗೆ ಟ್ಯೂಬ್‌ಲೈಟು. ಇವರಿಬ್ರೂ ಒಂದೇ ಮನೇಲಿ ಇಲ್ವೇ ಇಲ್ಲ!”

ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ದೊಡ್ಡವರಿಗೆಲ್ಲ ಒಮ್ಮೆಲೇ ತಮ್ಮ ಫೋನುಗಳಲ್ಲಿ ಏನೋ ಕೆಲಸ ಸಿಕ್ಕಿತು.

ಪುಟ್ಟಿ ಅಳಲಿಲ್ಲ. ತಾನೇ ಮಾಡಿದ ಕಾಲು ಕುಂಟುವ ಮೇಜನ್ನು ಬಡಗಿ ನೋಡುವ ಹಾಗೆ ಪರದೆಯನ್ನು ನೋಡಿದಳು. “ಗೋಡೆ ಮರೆತೇಬಿಟ್ಟೆ ಮಿಸ್. ಕಣ್ಣು ಕಣ್ಣು ಸೇರಿಸೋದ್ರಲ್ಲೇ ಸಾಕಾಗಿಹೋಯ್ತು. ಇತ್ಲಾಗೆ ನೋಡಿ ಅಂದ್ರೆ ಅಪ್ಪ ಪ್ರತೀ ಸಲ ಬಾಗಿಲ ಕಡೆ ನೋಡ್ತಿದ್ರು.”

“ಚೆನ್ನಾಗೇ ಮಾಡಿದ್ದೀಯ ಕಂದಾ. ನಾನೂ ನಂಬಿಬಿಟ್ಟಿದ್ದೆ.” ಎಲ್ಲ ಗೊತ್ತಿದ್ದೂ ಒಂದು ಗಳಿಗೆ ನಂಬಿದ್ದಂತೂ ಹೌದು.

“ಸರಿಮಾಡೋದು ಸುಲಭ ಕಣೇ,” ಎಂದ ಹಲ್ಲಿಲ್ಲದವ. ಗೆದ್ದ ಮೇಲೆ ಅವನಿಗೆ ಔದಾರ್ಯ ಬಂದಿತ್ತು. “ಇಬ್ರನ್ನೂ ಒಂದೇ ಸಲಕ್ಕೆ ತೆಗೆದುಬಿಡು. ಆಗ ಅಂಟೇ ಬೇಡ.”

ಮಿಸ್ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ಮೇಜಿನ ಮೇಲಿದ್ದ ಫೋನನ್ನು ಎತ್ತಿ ಹಿಂದಿನ ಸಾಲಿನತ್ತ ಹಿಡಿದಾಗಿತ್ತು. ಫೋನಿನ ಚೌಕಟ್ಟಿನೊಳಗೆ ಅಮ್ಮ ಬಂದರೆ ಅಪ್ಪ ಇಲ್ಲ. ಅಪ್ಪ ಬಂದರೆ ಅಮ್ಮ ಹೊರಗೆ. ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೂ ಸರಿದಳು. ಬೆನ್ನು ಕರಿಹಲಗೆಗೆ ತಾಗಿತು. ಅವಳ ಕಡೆಯಿಂದ ಸರಿಯಲು ಇನ್ನು ಜಾಗವಿರಲಿಲ್ಲ.

“ಒಂಚೂರು ಹತ್ತಿರ ಬನ್ನಿ,” ಎಂದಳು, ಫೋಟೋ ತೆಗೆಯುವವರು ಯಾರಿಗೆ ಬೇಕಾದರೂ ಹೇಳುವ ಹಾಗೆ. “ಇಬ್ರೂ.”